ಬೆಲುಂ ಗುಹೆಗಳು: ನೆಲದಡಿಯ ಒಂದು ಚರಿತ್ರೆ

ನಮ್ಮ ಸೀಮೆಯ ಮನೆಗಳಲ್ಲಿ ನಡುಮನೆಯ ನೆಲಕ್ಕೆ ಹಾಸಿದ ನುಣುಪಾದ ಚಪ್ಪಡಿಗಳನ್ನು ವಾಚಕರೆಲ್ಲರೂ ಬಲ್ಲರು. ಬೇತಂಚೆರ್ಲ ಕಲ್ಲು, ತಾಡಪತ್ರಿ ಕಲ್ಲು, ಕಡಪ ಕಲ್ಲು ಎಂದು ಅವಕ್ಕೆ ಬೇರೆ ಬೇರೆ ಹೆಸರುಗಳುಂಟು. ಬೇಸಗೆಯ ಮಧ್ಯಾಹ್ನ ಅದರ ಮೇಲೆ ಅಂಗಾತ ಮಲಗಿ ಬೆನ್ನು ತಂಪು ಮಾಡಿಕೊಳ್ಳದೆ ಬೆಳೆದ ಮಗು ಆದವಾನಿ, ಆಲೂರು, ರಾಯದುರ್ಗಗಳ ಕಡೆ ವಿರಳ. ಈ ಕಲ್ಲು ಹೆಚ್ಚಾಗಿ ಸುಣ್ಣಕಲ್ಲು. ಬಹು ಪ್ರಾಚೀನವಾದ ಒಂದು ಸಮುದ್ರದ ತಳದಲ್ಲಿ ಪದರ ಪದರವಾಗಿ ಕುಳಿತು ಗಟ್ಟಿಯಾದದ್ದು. ನಮ್ಮ ಕಾಲಡಿಯ ಈ ಕಲ್ಲಿನ ಒಡಹುಟ್ಟಿದ ಬಂಡೆಯಲ್ಲಿಯೇ, ತಾಡಪತ್ರಿಯಿಂದ ಸುಮಾರು ೩೦ ಕಿಲೋಮೀಟರು ದೂರದ ಬೆಲುಂ ಗ್ರಾಮದ ಹತ್ತಿರ, ನೀರು ತಾನಾಗಿ ಕೊರೆದ ಮೂರು ಕಿಲೋಮೀಟರಿಗೂ ಮಿಕ್ಕ ಉದ್ದದ ಗುಹೆಯೊಂದಿದೆ. ಇಂದಿನ ಲೇಖನದ ವಿಷಯ ಆ ಗುಹೆ.

ಗುಹೆ ಎಂದೊಡನೆ ಕನ್ನಡಿಗನ ಕಣ್ಣಿಗೆ ಬಾದಾಮಿ ಕಟ್ಟುತ್ತದೆ. ಆದರೆ ಬಾದಾಮಿಯದು ಮರಳುಗಲ್ಲಿನಲ್ಲಿ ಮನುಷ್ಯನ ಉಳಿ ಮಾಡಿದ ಕೆಲಸ. ಅದನ್ನು ಯಾರು ಮಾಡಿಸಿದರು, ಎಂದು ಮಾಡಿಸಿದರು ಎಂಬುದಕ್ಕೆ ಮಂಗಳೇಶನ ಕ್ರಿ.ಶ. ೫೭೮ರ ಶಾಸನವಿದೆ. ಬೆಲುಮಿಗೆ ಶಾಸನವಿಲ್ಲ, ಶಿಲ್ಪಿಯಿಲ್ಲ. ಬೆಟ್ಟವೂ ಇಲ್ಲವೆಂಬುದು ಮೊದಲ ಸಲ ಹೋದವರನ್ನು ಬೆರಗುಗೊಳಿಸತಕ್ಕ ಸಂಗತಿ. ಸಮತಟ್ಟಾದ ಹೊಲಗಳ ನಡುವೆ ಬಾವಿಯಂತೆ ಬಾಯಿ ತೆರೆದ ಮೂರು ಕುಳಿಗಳಿವೆ; ನಡುವಿನದೇ ಪ್ರವೇಶದ್ವಾರ. ರಾತ್ರಿಯಲ್ಲಿ ದಾರಿ ತಪ್ಪಿದ ದನವೊಂದು ಇಂಥ ಕುಳಿಯಲ್ಲಿ ಬಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಹೆಸರೂ ಅದಕ್ಕೆ ತಕ್ಕದ್ದೇ: ಸಂಸ್ಕೃತದ ‘ಬಿಲ’ ಶಬ್ದದಿಂದ ಬೆಲುಂ. ನಾವು ಇಲಿಯ ಬಿಲ, ಹಾವಿನ ಬಿಲ ಎನ್ನುವಲ್ಲಿ ಬಳಸುವ ಶಬ್ದವೇ ಇದು. ಬೇತಂಚೆರ್ಲದ ಹತ್ತಿರದ ಇನ್ನೊಂದು ಪ್ರಸಿದ್ಧ ಗುಹಾಸಮೂಹದ ಹೆಸರು ಬಿಲ್ಲ ಸುರ್ಗಂ. ಅದರಲ್ಲಿ ಬಿಲವೂ ಸುರಂಗವೂ ಒಟ್ಟಿಗೆ ಕೇಳಿಸುತ್ತವೆ. ಮತ್ತೊಂದರ ಹೆಸರು ಮುಚ್ಚಟ್ಲ ಚಿಂತಮಾನು ಗವಿ. ‘ಗವಿ’ಯನ್ನಂತೂ ನಮಗೆ ಯಾರೂ ಅರ್ಥ ಹೇಳಿ ಕಲಿಸಬೇಕಾಗಿಲ್ಲ.

ಈ ಗುಹೆಯನ್ನು ಯಾರು ಕಂಡುಹಿಡಿದರು ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಉಪಾಧ್ಯಾಯರು ತುಸು ತಡೆಯುವುದು ಲೇಸು. ವಿಶಾಖಪಟ್ಟಣದ ಕಡೆಯ ಬೊರ್ರಾ ಗುಹೆಗಳನ್ನು ಭೂಗರ್ಭಸರ್ವೇಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ೧೮೦೭ರಲ್ಲಿ ಕಂಡುಹಿಡಿದರೆಂದು ಪ್ರವಾಸಿ ಪುಸ್ತಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತದೆ. ಆದರೆ ಆ ಇಲಾಖೆ ಹುಟ್ಟಿದ್ದೇ ೧೮೫೧ರಲ್ಲಿ! ಹುಟ್ಟುವುದಕ್ಕೆ ೪೪ ವರ್ಷ ಮೊದಲೇ ಇಲಾಖೆ ಗುಹೆ ಹೊಕ್ಕ ಈ ಪವಾಡವನ್ನು ಒಂದು ಪುಸ್ತಿಕೆ ಇನ್ನೊಂದರಿಂದ ನಕಲು ಮಾಡುತ್ತ ಬಂದಿದೆ. ಚರಿತ್ರೆಯ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಬೆಲುಮಿನ ವಿಷಯದಲ್ಲಿಯೂ ‘ಕಂಡುಹಿಡಿದರು’ ಎಂಬ ಮಾತನ್ನು ಎಚ್ಚರಿಕೆಯಿಂದ ಆಡತಕ್ಕದ್ದು. ಊರಿನವರು ಅದನ್ನು ಎಂದಿನಿಂದಲೂ ಬಲ್ಲರು. ಅವರಿಗಿಂತ ಬಹಳ ಹಿಂದೆ ಬೌದ್ಧ ಜೈನ ಯತಿಗಳು ಅದರೊಳಗೆ ವಾಸವಾಗಿದ್ದರು. ಆ ಕಾಲದ ಅವಶೇಷಗಳು ಅಲ್ಲಿ ದೊರೆತಿವೆ. ಅವರಿಗೂ ಹಿಂದೆ, ಬುದ್ಧನ ಹೆಸರನ್ನೇ ಜಗತ್ತು ಕೇಳದಿದ್ದ ಕಾಲದ ಜನರ ಮಡಕೆ ಕುಡಿಕೆಗಳ ಚೂರುಗಳೂ ಸಿಕ್ಕಿವೆ. ಆದುದರಿಂದ ೧೮೮೪ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಆಂಗ್ಲ ಭೂಗರ್ಭಶಾಸ್ತ್ರಜ್ಞರು ಮಾಡಿದ್ದು ಗುಹೆಯನ್ನು ಕಂಡುಹಿಡಿಯುವ ಕೆಲಸವಲ್ಲ, ಅದನ್ನು ಕಾಗದದ ಮೇಲೆ ತರುವ ಕೆಲಸ. ಹಾಗೆಂದು ಅದು ಸಣ್ಣ ಕೆಲಸವೇನಲ್ಲ.

ಫೂಟರು ನಮಗೆ ಅಪರಿಚಿತರಲ್ಲ. ೧೮೬೩ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯೊಂದನ್ನು ಗುರುತಿಸಿ, ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಬುನಾದಿ ಹಾಕಿದವರು ಅವರೇ. ಬಳ್ಳಾರಿಯ ಸುತ್ತಿನ ಗುಡ್ಡಗಳನ್ನು ಕಾಲ್ನಡಿಗೆಯಿಂದಲೂ ಕುದುರೆಯಿಂದಲೂ ಅಲೆದು, ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಕೂಡಿಸಿದವರು. ೧೮೯೫ರಲ್ಲಿ ಪ್ರಕಟವಾದ ಅವರ ಬಳ್ಳಾರಿ ಜಿಲ್ಲೆಯ ಭೂಗರ್ಭ ವಿವರಣೆಯಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳೂ ಸೇರಿದ್ದವು. ಏಕೆಂದರೆ ಆಗ ಇವು ಬಳ್ಳಾರಿ ಜಿಲ್ಲೆಯವೇ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯ ಬಹುಭಾಗ ಮೈಸೂರಿಗೂ ಈ ಮೂರು ತಾಲ್ಲೂಕುಗಳು ಆಂಧ್ರಕ್ಕೂ ಹೋದವು. ಹೀಗೆ ಕರ್ನೂಲು ಜಿಲ್ಲೆಗೆ ಸೇರಿದ ಆದವಾನಿ ಆಲೂರುಗಳ ಕನ್ನಡಿಗರಿಗೆ ಬೆಲುಂ ಗುಹೆ ಸ್ವಂತ ಜಿಲ್ಲೆಯದಾಯಿತು. ೨೦೨೨ರ ಏಪ್ರಿಲಿನಲ್ಲಿ ನಂದ್ಯಾಲ ಜಿಲ್ಲೆ ಹುಟ್ಟಿದಾಗ ಬೆಲುಂ ಅತ್ತ ಹೋಯಿತು, ನಾವು ಇತ್ತ ಉಳಿದೆವು. ಭೂಪಟದ ಗೆರೆಗಳು ಸರಿದಾಡಿದರೂ ಕಲ್ಲಿನ ಪದರ ತನ್ನ ಜಾಗದಲ್ಲೇ ಇದೆ.

ಫೂಟರನ್ನು ಕರ್ನೂಲಿನ ಗುಹೆಗಳಿಗೆ ಎಳೆದು ತಂದದ್ದು ಬೆಲುಂ ಅಲ್ಲ, ಬಿಲ್ಲ ಸುರ್ಗಂ. ಅಲ್ಲಿ ೧೮೪೪ರಷ್ಟು ಹಿಂದೆಯೇ ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಮದರಾಸು ಸೈನ್ಯದ ಅಧಿಕಾರಿ ಪ್ರಾಣಿಗಳ ಎಲುಬುಗಳನ್ನು ಕಂಡು ಬರೆದಿದ್ದರು. ಬರೆದದ್ದು ನಾಲ್ವತ್ತು ವರ್ಷ ಹಾಗೆಯೇ ಬಿದ್ದಿತ್ತು. ಅನಂತರ ವಿಕಾಸವಾದದ ಪ್ರಖ್ಯಾತ ಸಮರ್ಥಕರಾದ ಹಕ್ಸ್‌ಲಿಯವರು ಮದರಾಸಿನ ಗವರ್ನರರಾಗಿದ್ದ ಗ್ರಾಂಟ್ ಡಫ್‌ರಿಗೆ ಸೂಚಿಸಿದ ಮೇಲೆ ಫೂಟರಿಗೆ ಆ ಕೆಲಸ ಬಂತು. ಅವರ ಮಗ ಲೆಫ್ಟಿನೆಂಟ್ ಹೆನ್ರಿ ಫೂಟ್ ೧೮೮೫ರವರೆಗೆ ಅಲ್ಲಿ ಅಗೆತ ನಡೆಸಿದರು. ದೊರೆತ ಎಲುಬುಗಳನ್ನು ಲೈಡೆಕ್ಕರ್ ಎಂಬ ಪ್ರಾಣಿಶಾಸ್ತ್ರಜ್ಞರು ಪರೀಕ್ಷಿಸಿ ೧೮೮೬ರಲ್ಲಿ ವಿವರಿಸಿದರು. ಅದರಲ್ಲೊಂದು ಖಡ್ಗಮೃಗ! ಅದಕ್ಕೆ ಅವರು ಕರ್ನೂಲಿನ ಹೆಸರನ್ನೇ ಸೇರಿಸಿ ನಾಮಕರಣ ಮಾಡಿದರು. ಇಂದು ಮಳೆಗಾಲದಲ್ಲಿಯೂ ಮೋಡಕ್ಕೆ ಮುಖ ನೋಡಬೇಕಾದ ಈ ನಾಡಿನಲ್ಲಿ ಒಮ್ಮೆ ಖಡ್ಗಮೃಗ ಮೇಯುತ್ತಿತ್ತೆಂದರೆ ಮಕ್ಕಳು ನಗುತ್ತಾರೆ. ಆದರೆ ಎಲುಬಿನ ಸಾಕ್ಷಿಯನ್ನು ಅಲ್ಲಗಳೆಯುವುದು ಹೇಗೆ?

ಅದೇ ಸುತ್ತಿನಲ್ಲಿ ಬೆಲುಂ ಗುಹೆಯೂ ಫೂಟರ ಟಿಪ್ಪಣಿಯಲ್ಲಿ ಸೇರಿತು. ಸೇರಿ, ಅಲ್ಲಿಯೇ ಉಳಿಯಿತು. ೧೮೮೪ರಿಂದ ೧೯೮೨ರವರೆಗೆ, ಅಂದರೆ ೯೮ ವರ್ಷ, ಅಳೆಯುವ ದಾರ ಹಿಡಿದು ಅದರೊಳಗೆ ಹೋದವರಿಲ್ಲ. ಫೂಟರು ಬರೆದ ಅದೇ ೧೮೮೪ರಲ್ಲಿ ಯೂರೋಪಿನ ಪೋಸ್ತೋಯ್ನಾ ಎಂಬ ಸುಣ್ಣಕಲ್ಲಿನ ಗುಹೆಯಲ್ಲಿ ವಿದ್ಯುದ್ದೀಪಗಳು ಬೆಳಗಿದವು ಎಂಬುದನ್ನು ಇಲ್ಲಿ ನೆನೆಯಬಹುದು. ಅದು ೧೮೧೯ರಿಂದಲೇ ಪ್ರೇಕ್ಷಕರಿಗೆ ತೆರೆದ ಗುಹೆ. ೧೮೭೨ರಲ್ಲಿ ಅದರೊಳಗೆ ಹಳಿ ಹಾಕಿ ಬಂಡಿಯಲ್ಲಿ ಜನರನ್ನು ಕುಳ್ಳಿರಿಸಿ ತಳ್ಳುತ್ತಿದ್ದರು. ನಮ್ಮ ಗುಹೆ ಆಗ ಕತ್ತಲೆಯಲ್ಲಿ ಬಾವಲಿಗಳಿಗೆ ಮನೆಯಾಗಿತ್ತು. ಅದರಿಂದ ನಷ್ಟವೇ ಆಯಿತೆಂದು ನಾವು ಹೇಳಲಾರೆವು. ಕೆಲವು ವಸ್ತುಗಳಿಗೆ ಜನರ ಮರೆವೇ ಕಾವಲು.

ಮರೆವು ಮಾತ್ರ ಪೂರ್ಣವಾಗಿರಲಿಲ್ಲ. ಊರಿನ ಕಸವನ್ನು ಎಲ್ಲಿಯಾದರೂ ಹಾಕಬೇಕಷ್ಟೆ. ಹೊಲದ ನಡುವೆ ತಳ ಕಾಣದ ಕುಳಿಯಿದ್ದರೆ ತಿಪ್ಪೆಗೆ ಅದಕ್ಕಿಂತ ಅನುಕೂಲವಾದ ಸ್ಥಳ ಯಾವುದು? ಯತಿಗಳು ಧ್ಯಾನಕ್ಕೆ ಕುಳಿತ ಜಾಗಕ್ಕೆ ಕಸ ಬೀಳತೊಡಗಿತು. ಇದನ್ನು ಓದಿ ಬೆಲುಮಿನವರನ್ನು ಹಳಿಯುವ ಮೊದಲು ನಮ್ಮ ನಮ್ಮ ಊರಿನ ಹಾಳುಬಾವಿಗಳನ್ನು ಒಮ್ಮೆ ಬಗ್ಗಿ ನೋಡಿ ಬರುವುದು ಒಳ್ಳೆಯದು.

೧೯೮೨-೮೩ರಲ್ಲಿ ಹರ್ಬರ್ಟ್ ಡೇನಿಯಲ್ ಗೆಬಾವರ್ ಎಂಬ ಜರ್ಮನ್ ಗುಹಾಶೋಧಕರು ತಮ್ಮ ಸಂಗಡಿಗರೊಡನೆ ಬಂದು, ದೀಪ ಹಿಡಿದು, ತೆವಳಿ, ನುಸುಳಿ, ಗುಹೆಯ ಮೂಲೆಮೂಲೆಗಳನ್ನು ಅಳೆದರು. ಅಳತೆಗೆ ಸಿಕ್ಕ ಉದ್ದ ೩೨೨೯ ಮೀಟರು. ಮೇಘಾಲಯದ ಗುಹೆಗಳು ಇದಕ್ಕಿಂತ ಎಷ್ಟೋ ಪಾಲು ಉದ್ದವಾದವು. ಆದರೆ ಬಯಲುನಾಡಿನ ಗುಹೆಗಳಲ್ಲಿ ಬೆಲುಮಿನದೇ ಹಿರಿಯ ಸ್ಥಾನ. ಊರಿನ ಬಾಯಿಮಾತಿನಲ್ಲಿದ್ದ ಗುಹೆ ನಕ್ಷೆಗೆ ಬಂದ ಮೇಲೆ ಸರ್ಕಾರದ ಕಣ್ಣಿಗೂ ಬಿತ್ತು. ೧೯೮೦ರ ದಶಕದಲ್ಲಿ ಅದನ್ನು ರಕ್ಷಿತ ಪ್ರದೇಶವೆಂದು ಸಾರಲಾಯಿತು. ಊರಿನವರ ನೆರವಿನಿಂದಲೇ ಕಸವನ್ನು ತೆಗೆಯಲಾಯಿತು. ನಿವೃತ್ತ ಪೊಲೀಸ್ ಅಧಿಕಾರಿ ಎಂ. ನಾರಾಯಣ ರೆಡ್ಡಿಯವರೂ ಇನ್ನು ಕೆಲವು ಸ್ಥಳೀಕರೂ ಗುಹೆಯ ಮಹತ್ತ್ವವನ್ನು ಜನರಿಗೆ ತಿಳಿಸಲು ಬಹಳ ಶ್ರಮಿಸಿದರು. ೧೯೯೯ರಲ್ಲಿ ಆಂಧ್ರಪ್ರದೇಶದ ಪ್ರವಾಸೋದ್ಯಮ ಅಭಿವೃದ್ಧಿ ಸಂಸ್ಥೆ ಗುಹೆಯನ್ನು ವಹಿಸಿಕೊಂಡು ಮಣ್ಣು ತೆಗೆಸಿ, ದಾರಿ, ಮೆಟ್ಟಿಲು, ಸೇತುವೆಗಳನ್ನು ಮಾಡಿಸಿ, ದೀಪ ಹಾಕಿಸಿ, ಗಾಳಿಯ ಕೊಳವೆಗಳನ್ನಿರಿಸಿ, ೨೦೦೨ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. ಒಟ್ಟು ಉದ್ದದಲ್ಲಿ ಸುಮಾರು ಒಂದೂವರೆ ಕಿಲೋಮೀಟರಿನಷ್ಟು ಮಾತ್ರ ಪ್ರೇಕ್ಷಕರಿಗೆ ಬಿಟ್ಟದ್ದು. ಉಳಿದದ್ದು ಕತ್ತಲೆಯ ಪಾಲು.

ಒಳಗಿನ ವರ್ಣನೆಯನ್ನು ನಾವು ಬೆಳೆಸುವುದಿಲ್ಲ. ಅದು ಕಂಡು ತಿಳಿಯಬೇಕಾದದ್ದು. ಕುಳಿಯೊಳಗಿಳಿದರೆ ದಾರಿ ಅಡ್ಡಕ್ಕೆ ಹರಿಯುತ್ತದೆ. ಸಿಂಹದ ತಲೆಯಂತಹ ಕಮಾನು ಸಿಂಹದ್ವಾರ. ಸಾವಿರಾರು ತೂಗುಗಲ್ಲುಗಳು ಲಿಂಗಗಳಂತೆ ಕಾಣುವ ಅಂಕಣ ಕೋಟಿಲಿಂಗಾಲು. ಚಾವಣಿಯಲ್ಲಿ ಹೆಡೆ ಬಿಚ್ಚಿದ ಹಾವುಗಳಂತೆ ತೋರುವುದು ಸಾವಿರ ಹೆಡೆ. ಬಿಳಲು ಬಿಟ್ಟ ಆಲದಂತೆ ನಿಂತ ಕಲ್ಲುಕಂಬದ ಸುತ್ತಿನ ಅಂಗಳಕ್ಕೆ ಆಲದ ಮರದ ಹೆಸರು. ಕೋಲಿನಿಂದಲೋ ಬೆರಳ ಗೆಣ್ಣಿನಿಂದಲೋ ತಟ್ಟಿದರೆ ಲೋಹದಂತೆ ದನಿ ಕೊಡುವ ಸಪ್ತಸ್ವರಗಳ ಗುಹೆ ೨೦೦೬ರಲ್ಲಿ ತೆರೆಯಿತು. ಎಲ್ಲಕ್ಕಿಂತ ಕೆಳಗೆ, ಪ್ರವೇಶದಿಂದ ೪೬ ಮೀಟರು ಆಳದಲ್ಲಿ, ಪಾತಾಳಗಂಗೆ ಎಂಬ ಸಣ್ಣ ತೊರೆ ಕಾಣಿಸಿಕೊಂಡು ಹಾಗೆಯೇ ನೆಲದೊಳಗೆ ಮರೆಯಾಗುತ್ತದೆ. ಅದು ಊರಿನ ಬಾವಿಗೆ ಹೋಗಿ ಸೇರುತ್ತದೆಂದು ಜನ ನಂಬುತ್ತಾರೆ. ನಂಬಿಕೆ ನಿಜವಾದರೆ, ಗುಹೆಗೆ ಕಸ ಸುರಿದ ಕಾಲದಲ್ಲಿ ಊರಿನವರು ತಮ್ಮ ಕೊಡಕ್ಕೆ ಏನು ತುಂಬಿಕೊಂಡರೆಂಬುದನ್ನು ವಾಚಕರೇ ಊಹಿಸಬಹುದು. ಸುಣ್ಣಕಲ್ಲಿನ ನಾಡಿನಲ್ಲಿ ಇಂಥ ಭಯ ಬರಿಯ ಕತೆಯಲ್ಲ: ಮರಳಿನಲ್ಲಿ ಇಂಗುವ ನೀರು ಸೋಸಿ ಹೋಗುತ್ತದೆ, ಕಲ್ಲಿನ ಬಿರುಕಿನಲ್ಲಿ ಇಳಿಯುವ ನೀರು ಮೇಲಿನ ಕೊಳೆಯನ್ನು ಹೊತ್ತುಕೊಂಡೇ ಹೋಗುತ್ತದೆ.

ಈಗ ಗುಹೆ ಹುಟ್ಟುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಬೇಕು, ಏಕೆಂದರೆ ಅದನ್ನು ಉಳಿಸುವ ಪ್ರಶ್ನೆ ಇದಕ್ಕೇ ತಗುಲಿಕೊಂಡಿದೆ. ಮಳೆಯ ನೀರು ಗಾಳಿಯಿಂದಲೂ, ಅದಕ್ಕಿಂತ ಹೆಚ್ಚಾಗಿ ಮಣ್ಣಿನಿಂದಲೂ, ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರು ಕಲ್ಲಿನ ಬಿರುಕಿಗಿಳಿದು ಸುಣ್ಣವನ್ನು ಕರಗಿಸಿ ದಾರಿ ಮಾಡಿಕೊಳ್ಳುತ್ತದೆ. ಇದು ಕೊರೆಯುವ ಕೆಲಸ. ಸುಣ್ಣ ಹೊತ್ತ ಹನಿ ಬಯಲಾದ ಗುಹೆಯ ಚಾವಣಿಯಲ್ಲಿ ತೂಗಿದಾಗ ಅದರೊಳಗಿನ ವಾಯು ಹೊರಬೀಳುತ್ತದೆ. ಕರಗಿದ ಸುಣ್ಣ ಮತ್ತೆ ಕಲ್ಲಾಗುತ್ತದೆ. ಮೇಲಿನಿಂದ ಇಳಿದದ್ದು ತೂಗುಗಲ್ಲು, ಹನಿ ಬಿದ್ದಲ್ಲಿ ಕೆಳಗಿನಿಂದ ಬೆಳೆದದ್ದು ಏಳುಗಲ್ಲು, ಎರಡೂ ಕೂಡಿದರೆ ಕಂಬ. ಇದು ಕಟ್ಟುವ ಕೆಲಸ. ಬೆಳೆಯುವ ವೇಗ ಎಲ್ಲ ಕಡೆ ಒಂದೇ ಅಲ್ಲ. ಸಾಮಾನ್ಯವಾಗಿ ವರ್ಷಕ್ಕೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು ಎಂದಿಟ್ಟುಕೊಳ್ಳಬಹುದು. ಮೇಲಿನ ನೆಲದಲ್ಲಿ ಮಳೆ ತಪ್ಪಿದರೆ, ಮಣ್ಣು ಹೋದರೆ, ಅದೂ ನಿಲ್ಲುತ್ತದೆ.

ಇಲ್ಲಿ ನಾವು ಒಂದು ಸಂಗತಿಯನ್ನು ಮರೆಮಾಡದೆ ಹೇಳಬೇಕಾಗಿದೆ. ನಾವು ಕಲಿಸುತ್ತಿದ್ದ ಶಾಲೆಯ ಬೀರುವಿನಲ್ಲಿ ಬೆರಳಿನಷ್ಟು ಉದ್ದದ ತೂಗುಗಲ್ಲಿನ ತುಂಡೊಂದು ಇತ್ತು. ಹಿಂದೆ ಯಾರೋ ಗುಹೆಯೊಂದರಿಂದ ತಂದಿಟ್ಟದ್ದು. ವಿಜ್ಞಾನದ ಪಾಠಕ್ಕೆ ಬಹು ಉಪಯುಕ್ತವೆಂದು ನಾವೂ ಅದನ್ನು ವರ್ಷಗಟ್ಟಲೆ ಹೆಮ್ಮೆಯಿಂದ ಮಕ್ಕಳ ಕೈಗೆ ಕೊಟ್ಟಿದ್ದೆವು. ಒಮ್ಮೆ ಮೇಲಿನ ಲೆಕ್ಕವನ್ನು ಹಲಗೆಯ ಮೇಲೆ ಬರೆದು, ವರ್ಷಕ್ಕೆ ಇಷ್ಟಾದರೆ ಐದು ಸೆಂಟಿಮೀಟರಿಗೆ ಎಷ್ಟು ವರ್ಷ ಎಂದು ಕೇಳಿದೆವು. ಐನೂರು ಎಂದರು. ಐನೂರು ವರ್ಷದ ಹಿಂದೆ ಈ ಸೀಮೆಯನ್ನು ಆಳುತ್ತಿದ್ದವರು ಯಾರು? ಕೃಷ್ಣದೇವರಾಯ ಎಂದು ನಾಲ್ಕು ಕಂಠಗಳು ಕೂಗಿದವು. ಆಗ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, ‘ಹಾಗಾದರೆ ಇದನ್ನು ಮುರಿದವರು ಯಾರು ಸಾರ್?’ ಎಂದಳು. ಹಂಪಿಯ ಕಂಬ ಮುರಿದವರನ್ನು ನಾವು ಅದೇ ವಾರ ಚರಿತ್ರೆಯ ತರಗತಿಯಲ್ಲಿ ಬಾಯಿತುಂಬ ನಿಂದಿಸಿದ್ದೆವು. ಉತ್ತರ ಹೊಳೆಯಲಿಲ್ಲ. ತುಂಡನ್ನು ಬೀರುವಿಗೆ ಹಿಂದಿರುಗಿಸಿದೆವು.

ಮುರಿಯುವ ಕೈ ಮಾತ್ರವೇ ಗುಹೆಗೆ ಶತ್ರುವಲ್ಲ. ನೋಡುವ ಕಣ್ಣೂ ಕೆಲವೊಮ್ಮೆ ಶತ್ರುವಾಗುತ್ತದೆ. ಫ್ರಾನ್ಸ್ ದೇಶದ ಲಾಸ್ಕೋ ಗುಹೆಯನ್ನು ೧೯೪೦ರಲ್ಲಿ ಹುಡುಗರು ಕಂಡರು. ೧೯೪೮ರಲ್ಲಿ ಜನರಿಗೆ ತೆರೆದರು. ಆದಿಮಾನವನ ಚಿತ್ರಗಳನ್ನು ನೋಡಲು ಜನ ಸಾಲುಗಟ್ಟಿ ಬಂದರು. ಅವರ ಉಸಿರು, ಬೆವರು, ದೀಪಗಳ ಬೆಳಕು ಕೂಡಿ ಗೋಡೆಯ ಮೇಲೆ ಹಸಿರು ಪಾಚಿ ಹಬ್ಬಿತು, ಬಿಳಿಯ ಹರಳು ಕಟ್ಟಿತು. ೧೯೬೩ರಲ್ಲಿ ಬಾಗಿಲು ಮುಚ್ಚಿದರು. ೧೯೮೩ರಿಂದ ಪ್ರೇಕ್ಷಕರು ನೋಡುವುದು ಪಕ್ಕದಲ್ಲಿ ಕಟ್ಟಿದ ಪ್ರತಿಕೃತಿಯನ್ನು. ಬೆಲುಮಿನಲ್ಲಿ ಅಂಥ ಚಿತ್ರಗಳಿಲ್ಲ, ನಿಜ. ಆದರೆ ದೀಪ ಹಾಕಿದ ಗುಹೆಗಳಲ್ಲೆಲ್ಲ ಪಾಚಿಯ ಪೀಡೆ ಲೋಕಪ್ರಸಿದ್ಧ. ಬೆಳಕಿಲ್ಲದಲ್ಲಿ ಹಸಿರಿಲ್ಲ, ಬೆಳಕಿಟ್ಟಲ್ಲಿ ಅದು ಬಾರದೆ ಇರುವುದಿಲ್ಲ. ಬೆಲುಮಿನ ಒಳಗೆ ಸೆಕೆ ಹೆಚ್ಚು. ನಮ್ಮ ಹುಡುಗರ ಅಂಗಿಗಳು ಅರ್ಧ ದಾರಿಯಲ್ಲೇ ತೊಯ್ದು ಹೋಗಿದ್ದವು. ಆ ತೇವವೆಲ್ಲ ಗುಹೆಯ ಗೋಡೆಗೇ ಸೇರತಕ್ಕದ್ದಷ್ಟೆ. ಸಪ್ತಸ್ವರದ ಕಲ್ಲಿನಲ್ಲಿ ದನಿ ಕೇಳುವ ಆಸೆಗೆ ನಾವೂ ಹೊರತಲ್ಲ. ಆದರೆ ದಿನವೂ ನೂರು ಕೈ ತಟ್ಟಿದ ವೀಣೆ ಎಷ್ಟು ಕಾಲ ಉಳಿದೀತು?

ಇನ್ನು ಮಣ್ಣಿನ ಮಾತು. ದಾರಿ ಮಾಡುವಾಗ ಗುಹೆಯಿಂದ ತೆಗೆದ ಮಣ್ಣನ್ನು ಕಸವೆಂದೇ ಎಲ್ಲರೂ ಭಾವಿಸಿದರು. ಅದರಲ್ಲಿ ಕಸವೂ ಇತ್ತು. ಆದರೆ ಗುಹೆಯ ಮಣ್ಣೆಂದರೆ ಪುಟ ಹೊಲಿದ ಪುಸ್ತಕ. ಬಿಲ್ಲ ಸುರ್ಗಮಿನಲ್ಲಿ ಉಳಿದಿದ್ದ ಪದರಗಳನ್ನು ಈ ಶತಮಾನದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ವಿದೇಶದ ವಿದ್ವಾಂಸರೂ ಕೂಡಿ ಮತ್ತೆ ಪರೀಕ್ಷಿಸಿದರು. ಕಳೆದ ಎರಡು ಲಕ್ಷ ವರ್ಷಗಳಲ್ಲಿ ಇಲ್ಲಿಯ ಸಸ್ತನಿಗಳು ಹವೆಯ ಏರುಪೇರುಗಳನ್ನು ಸಹಿಸಿ ಬಹುಮಟ್ಟಿಗೆ ಉಳಿದುಕೊಂಡು ಬಂದುವೆಂಬ ಫಲಿತಾಂಶ ೨೦೧೪ರಲ್ಲಿ ಪ್ರಕಟವಾಯಿತು. ಫೂಟರ ಕಾಲದವರು ಎಲ್ಲವನ್ನೂ ಅಗೆದು ಮುಗಿಸಿದ್ದರೆ ಈ ಮಾತು ಹೊರಡುತ್ತಿರಲಿಲ್ಲ. ಬೆಲುಮಿನ ದಾರಿಗಾಗಿ ಹೊರಬಿದ್ದ ಬುಟ್ಟಿಗಳಲ್ಲಿ ಇಂಥ ಎಷ್ಟು ಪುಟಗಳು ಹೋದವೋ! ದಾರಿ ಮಾಡಿದ್ದೇ ತಪ್ಪೆಂದು ನಮ್ಮ ಅಭಿಪ್ರಾಯವಲ್ಲ. ದಾರಿಯಿಲ್ಲದಿದ್ದರೆ ನಾವು ಒಳಗೆ ಹೋಗುತ್ತಿರಲಿಲ್ಲ, ತಿಪ್ಪೆಯೂ ತೊಲಗುತ್ತಿರಲಿಲ್ಲ. ಮೊದಲು ಓದಿ ಆಮೇಲೆ ಗುಡಿಸಬಹುದಿತ್ತು ಎಂಬಷ್ಟೇ ನಮ್ಮ ಕೊರಗು. ತೆರೆಯದೆ ಬಿಟ್ಟಿರುವ ಭಾಗದಲ್ಲಿ ಇನ್ನೂ ಹಾಗೆ ಮಾಡಲು ಅವಕಾಶವುಂಟು.

ಎಲ್ಲಕ್ಕೂ ದೊಡ್ಡ ಪ್ರಶ್ನೆ ಹೊರಗಿದೆ. ಗುಹೆಯನ್ನು ಹೊತ್ತ ಈ ಕಲ್ಲೇ ಸಿಮೆಂಟಿಗೂ ಚಪ್ಪಡಿಗೂ ಬೇಕಾದದ್ದು. ತಾಡಪತ್ರಿಯಿಂದ ಕೊಲಿಮಿಗುಂಡ್ಲದ ಕಡೆಗೆ ಹೋಗುವವರಿಗೆ ದಾರಿಯುದ್ದಕ್ಕೂ ಕಲ್ಲುಗಣಿಗಳೂ, ಚಪ್ಪಡಿಯ ರಾಶಿಗಳೂ, ಕಾರ್ಖಾನೆಯ ಹೊಗೆಕೊಳವೆಗಳೂ ಕಾಣುತ್ತವೆ. ಸಾವಿರಾರು ಸಂಸಾರಗಳ ಅನ್ನ ಅದರಲ್ಲಿದೆ. ನಮ್ಮ ಸಂಬಂಧಿಕರೂ ಆ ಧೂಳಿನಲ್ಲಿ ದುಡಿದವರೇ. ಗುಹೆ ಎಂದರೆ ಪ್ರವೇಶದ್ವಾರ, ಟಿಕೆಟು ಕಟ್ಟೆ, ಹೊರಗೆ ಕುಳ್ಳಿರಿಸಿದ ದೊಡ್ಡ ಬುದ್ಧನ ಮೂರ್ತಿ ಇಷ್ಟೇ ಅಲ್ಲ. ಮೇಲಿನ ಹೊಲ, ಅದರಲ್ಲಿ ಇಂಗುವ ಮಳೆ, ಸುತ್ತಲಿನ ಬಿರುಕುಗಳೆಲ್ಲ ಸೇರಿ ಗುಹೆ. ರಕ್ಷಣೆಯ ಬೇಲಿಯನ್ನು ಎಲ್ಲಿ ಹಾಕಬೇಕೆಂಬುದನ್ನು ನೆಲದ ಮೇಲಿನ ಸರ್ವೇಕಲ್ಲು ನೋಡಿ ನಿರ್ಣಯಿಸಿದರೆ ಸಾಲದು. ನೀರು ಎಲ್ಲಿಂದ ಬರುತ್ತದೆಂಬುದನ್ನು ನೋಡಿ ನಿರ್ಣಯಿಸಬೇಕು.

ಮಕ್ಕಳನ್ನು ಕರೆದೊಯ್ಯಬಯಸುವ ಉಪಾಧ್ಯಾಯ ಬಂಧುಗಳಿಗೆ ಕೊನೆಯಲ್ಲಿ ಒಂದೆರಡು ಸೂಚನೆ. ಆದವಾನಿಯಿಂದ ರೈಲಿನಲ್ಲಿ ಗುಂತಕಲ್ಲು, ಗುತ್ತಿಯ ಮಾರ್ಗವಾಗಿ ತಾಡಪತ್ರಿಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಬಹುದು. ಕುಡಿಯುವ ನೀರು ತಪ್ಪದೆ ಇರಲಿ. ಉಬ್ಬಸವಿರುವ ಮಕ್ಕಳನ್ನು ಪಾತಾಳಗಂಗೆಯವರೆಗೆ ಇಳಿಸುವುದು ಬೇಡ. ಮಾರ್ಗದರ್ಶಕರು ಸಿಂಹ, ಆಲದ ಮರ, ಹೆಡೆ ಎಂದು ತೋರಿಸುತ್ತ ಬೇಗ ಬೇಗ ಮುಂದೆ ನಡೆಯುತ್ತಾರೆ. ಎಲ್ಲಿಯಾದರೂ ಒಂದು ಕಡೆ ಅವರನ್ನು ನಿಲ್ಲಿಸಿ, ಮಕ್ಕಳೆಲ್ಲ ಮಾತು ನಿಲ್ಲಿಸಿ, ಮೇಲಿನಿಂದ ಒಂದು ಹನಿ ಬೀಳುವವರೆಗೆ ಕಾಯುವಂತೆ ಏರ್ಪಡಿಸಬೇಕು. ನಾವು ಹೋದ ದಿನ ಹತ್ತು ನಿಮಿಷ ಹಿಡಿಯಿತು.